ಹದಿನೆಂಟು ಕ್ರೆಡಿಟ್‌ನ ಲೆಕ್ಕ: ಅಮೆರಿಕದ ಎಕನಾಮಿಕ್ಸ್ ಮೇಷ್ಟ್ರು ಮತ್ತೆ ಓದಲು ಕೂತಿರುವುದೇಕೆ?

2025ರ ನವೆಂಬರ್‌ನಲ್ಲಿ ಅಮೆರಿಕದಿಂದ ಬಂದ ಒಂದು ಸುದ್ದಿ ಬಹಳ ಜನರ ತಲೆ ಕೆಡಿಸಿತು. ಅಲ್ಲಿನ ಶಿಕ್ಷಣ ಇಲಾಖೆ 'ವೃತ್ತಿಪರ ಪದವಿ'ಗಳ ಒಂದು ಪಟ್ಟಿಗೆ ಒಪ್ಪಿಗೆ ಪಡೆದುಕೊಂಡಿತ್ತು. ಅದರಲ್ಲಿ ಡಾಕ್ಟರು, ವಕೀಲರು, ದಂತವೈದ್ಯರು, ಪಶುವೈದ್ಯರು, ಕಡೆಗೆ ಪಾದ್ರಿಗಳೂ ಇದ್ದರು. ನರ್ಸ್ ಇರಲಿಲ್ಲ, ಟೀಚರ್ ಇರಲಿಲ್ಲ. 'ಅಮೆರಿಕದಲ್ಲಿ ಮೇಷ್ಟ್ರ ಕೆಲಸ ಇನ್ನು ವೃತ್ತಿಯೇ ಅಲ್ಲವಂತೆ' ಎಂಬ ಒಂದು ಸಾಲಿಗೆ ಇಳಿದು ಅದು ಸಾಮಾಜಿಕ ಜಾಲತಾಣಗಳಲ್ಲೆಲ್ಲ ಹರಿದಾಡಿತು.

ನಿಜಕ್ಕೂ ನಡೆದದ್ದು ಬೇರೆ. ಪಟ್ಟಿ ಮಾಡಿದ್ದು ಗೌರವ ಕೊಡುವುದಕ್ಕೋ ಕಿತ್ತುಕೊಳ್ಳುವುದಕ್ಕೋ ಅಲ್ಲ, ಸಾಲದ ಮಿತಿ ಹಾಕುವುದಕ್ಕೆ. ಆದರೆ ಈ ಗದ್ದಲದ ಹಿಂದೆ ಹತ್ತು ವರ್ಷಗಳಿಂದ ಎಳೆದಾಡುತ್ತಿರುವ ಇನ್ನೊಂದು ಕಥೆ ಇದೆ. ಕೆಲಸದಲ್ಲಿರುವ ಹೈಸ್ಕೂಲ್ ಶಿಕ್ಷಕರು, ಅದರಲ್ಲೂ ಎಕನಾಮಿಕ್ಸ್ ಹೇಳುವವರು, ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದು ಸ್ನಾತಕೋತ್ತರ ಮಟ್ಟದ ಪಾಠ ಓದುತ್ತಿದ್ದಾರೆ. ಕಡಿಮೆ ಫೀಸು, ಆನ್‌ಲೈನ್, ಬಿಡುವಾದಾಗ ಓದುವ ಸೌಲಭ್ಯ ಇರುವ ಕೋರ್ಸ್‌ಗಳನ್ನೇ ಹುಡುಕುತ್ತಿದ್ದಾರೆ. ಅವರಿಗೆ ಈ ಹೊಸ ಸಾಲದ ನಿಯಮ ತಟ್ಟುವುದು ಕಡಿಮೆ. ತಟ್ಟುವುದು ಹಳೆಯ ಒಂದು ಸಂಖ್ಯೆ: 18. ಕಲಿಸುವ ವಿಷಯದಲ್ಲಿ ಮೇಷ್ಟ್ರು ಗಳಿಸಿರಬೇಕಾದ ಸ್ನಾತಕೋತ್ತರ ಕ್ರೆಡಿಟ್‌ಗಳ, ಅಂದರೆ ಓದನ್ನು ಅಳೆಯುವ ಘಟಕಗಳ, ಲೆಕ್ಕ ಅದು.

ಮೊದಲು ಸಾಲದ ವಿಷಯ ಮುಗಿಸೋಣ

2025ರ ಜುಲೈ 4ರಂದು ಸಹಿ ಬಿದ್ದ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸ್ನಾತಕೋತ್ತರ ಓದಲು ಸೇರುವವರಿಗೆ 'ಗ್ರ್ಯಾಡ್ ಪ್ಲಸ್' ಎಂಬ ಕೇಂದ್ರ ಸರ್ಕಾರದ ಸಾಲ ಸಿಗುವುದಿಲ್ಲ. ಈ ಸಾಲದಲ್ಲಿ ಓದಿನ ಪೂರ್ತಿ ಖರ್ಚಿನವರೆಗೂ ಹಣ ಎತ್ತಬಹುದಿತ್ತು. ಇನ್ನು ಮೇಲೆ ಸಾಮಾನ್ಯ ಸ್ನಾತಕೋತ್ತರ ವಿದ್ಯಾರ್ಥಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು 1 ಲಕ್ಷ ಡಾಲರ್ ಮಿತಿ. 'ವೃತ್ತಿಪರ' ಪಟ್ಟಿಯಲ್ಲಿದ್ದರೆ ವರ್ಷಕ್ಕೆ 50,000, ಒಟ್ಟು 2 ಲಕ್ಷ. ಯಾವ ಪದವಿ ಯಾವ ಬುಟ್ಟಿಗೆ ಬೀಳಬೇಕು ಎಂಬುದೇ ನವೆಂಬರಿನ ಜಗಳ.

ಸರ್ಕಾರದ ವಾದ ಇದು: ಸಾಲ ಸಲೀಸಾಗಿ ಸಿಕ್ಕಷ್ಟೂ ವಿಶ್ವವಿದ್ಯಾಲಯಗಳು ಫೀಸು ಏರಿಸುತ್ತವೆ, ನಲ್ಲಿ ಬಿಗಿ ಮಾಡಿದರೆ ಫೀಸು ಇಳಿಯುತ್ತದೆ. ವಿರೋಧಿಗಳು ಹೇಳುವುದು ಬೇರೆ: ಫೀಸು ಇಳಿಯುವ ಮೊದಲೇ ಬಡ ವಿದ್ಯಾರ್ಥಿಗಳು ಖಾಸಗಿ ಬ್ಯಾಂಕಿನ ಬಾಗಿಲಿಗೆ ಹೋಗುತ್ತಾರೆ, ಇಲ್ಲವೇ ಓದನ್ನೇ ಬಿಡುತ್ತಾರೆ. ಎರಡರಲ್ಲೂ ಅಷ್ಟಿಷ್ಟು ಹುರುಳಿದೆ.

ಆದರೆ ನಮ್ಮ ಎಕನಾಮಿಕ್ಸ್ ಮೇಷ್ಟ್ರ ಪರಿಸ್ಥಿತಿ ನೋಡಿ. ಅವರಿಗೆ ಸಾಮಾನ್ಯವಾಗಿ ಶಿಕ್ಷಣಶಾಸ್ತ್ರದಲ್ಲಿ ಒಂದು ಮಾಸ್ಟರ್ಸ್ ಆಗಲೇ ಇರುತ್ತದೆ. ಇನ್ನೊಂದು ಪದವಿ ಬೇಕಿಲ್ಲ, ಆರು ಕೋರ್ಸ್ ಸಾಕು. ಪದವಿಗೆ ಸೇರದೆ ಬಿಡಿ ಕೋರ್ಸ್ ತೆಗೆದುಕೊಳ್ಳುವವರಿಗೆ ಕೇಂದ್ರದ ಸಾಲ ಸಾಮಾನ್ಯವಾಗಿ ಮೊದಲಿನಿಂದಲೂ ಇಲ್ಲ. ಮಿತಿ 20,500 ಆದರೂ 50,000 ಆದರೂ ಅವರ ಪಾಲಿಗೆ ಒಂದೇ. ಅವರು ಕಟ್ಟುವುದು ಕೈಯಿಂದಲೇ. ಹಾಗಾಗಿಯೇ 'ಅಗ್ಗ' ಎಂಬುದು ಅವರ ಹುಡುಕಾಟದಲ್ಲಿ ಮೊದಲು ಬರುತ್ತದೆ.

ಹೈಸ್ಕೂಲಿನಲ್ಲೇ ಕಾಲೇಜು

ಈ ಆರು ಕೋರ್ಸ್ ಯಾಕೆ ಬೇಕು? ಉತ್ತರ 'ಡ್ಯುಯಲ್ ಕ್ರೆಡಿಟ್' ಎಂಬ ವ್ಯವಸ್ಥೆಯಲ್ಲಿದೆ. ಹೈಸ್ಕೂಲಿನ 11 ಅಥವಾ 12ನೇ ತರಗತಿಯಲ್ಲಿರುವಾಗಲೇ ಒಂದು ಪಾಠಕ್ಕೆ ಶಾಲೆಯ ಅಂಕವೂ ಸಿಗುತ್ತದೆ, ಹತ್ತಿರದ ಕಾಲೇಜಿನ ಕ್ರೆಡಿಟ್ಟೂ ಸಿಗುತ್ತದೆ. ಮುಂದೆ ಕಾಲೇಜಿಗೆ ಹೋದಾಗ ಅಷ್ಟು ಫೀಸು, ಅಷ್ಟು ಸಮಯ ಉಳಿಯಿತು. ಇದಕ್ಕೆ ರಾಜ್ಯಮಟ್ಟದ ಕಾನೂನನ್ನು ಮೊದಮೊದಲು ತಂದ ರಾಜ್ಯಗಳಲ್ಲಿ ಮಿನ್ನೆಸೋಟ ಒಂದು, 1985ರಲ್ಲಿ. 2022-23ರ ಹೊತ್ತಿಗೆ ದೇಶದಾದ್ಯಂತ ಸುಮಾರು 25 ಲಕ್ಷ ಹೈಸ್ಕೂಲ್ ಮಕ್ಕಳು ಹೀಗೆ ಕಾಲೇಜಿನ ಪಾಠ ಓದುತ್ತಿದ್ದರು.

ಇದರಲ್ಲಿ ಬಹಳಷ್ಟು ಪಾಠ ನಡೆಯುವುದು ಹೈಸ್ಕೂಲಿನ ಕೋಣೆಯಲ್ಲೇ, ಹೈಸ್ಕೂಲಿನ ಮೇಷ್ಟ್ರಿಂದಲೇ. ಕಾಲೇಜು ಪಠ್ಯಕ್ರಮ ಕೊಡುತ್ತದೆ, ಅಂಕಪಟ್ಟಿಗೆ ತನ್ನ ಹೆಸರು ಕೊಡುತ್ತದೆ. ಅಂದರೆ ಕಾಗದದ ಮೇಲೆ ಆ ಹೈಸ್ಕೂಲ್ ಮೇಷ್ಟ್ರು ಕಾಲೇಜಿನ ಅಧ್ಯಾಪಕರೂ ಹೌದು. ಹಾಗಾದರೆ ಕಾಲೇಜು ಅಧ್ಯಾಪಕರಿಗೆ ಇರಬೇಕಾದ ಅರ್ಹತೆ ಅವರಿಗೆ ಇದೆಯೇ ಎಂಬ ಪ್ರಶ್ನೆ ಏಳುತ್ತದೆ, ಅಲ್ವಾ?

ಹೈಸ್ಕೂಲಿನಲ್ಲೇ ಕಾಲೇಜು ಕ್ರೆಡಿಟ್ ಪಡೆಯಲು ಇನ್ನೊಂದು ದಾರಿಯೂ ಇದೆ, ಎ.ಪಿ. (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಪರೀಕ್ಷೆ. ಅಲ್ಲಿ ಕಲಿಸುವವರಿಗೆ 18ರ ಲೆಕ್ಕವಿಲ್ಲ. ಪಠ್ಯಯೋಜನೆಗೆ ಆ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಒಪ್ಪಿಗೆ ಕೊಟ್ಟರೆ ಆಯಿತು. ವರ್ಷದ ಕೊನೆಗೆ ಇಡೀ ದೇಶಕ್ಕೆ ಒಂದೇ ಪರೀಕ್ಷೆ, 1ರಿಂದ 5ರವರೆಗೆ ಅಂಕ. ಎ.ಪಿ. ನಂಬುವುದು ಮಗುವಿನ ಉತ್ತರಪತ್ರಿಕೆಯನ್ನು. ಡ್ಯುಯಲ್ ಕ್ರೆಡಿಟ್‌ಗೆ ಅಂಥ ಪರೀಕ್ಷೆ ಇಲ್ಲ, ಅದು ನಂಬಬೇಕಾದದ್ದು ಮೇಷ್ಟ್ರ ಅಂಕಪಟ್ಟಿಯನ್ನು. ಇಡೀ ವಿವಾದದ ಬುಡ ಇರುವುದು ಇಲ್ಲಿ.

18 ಎಲ್ಲಿಂದ ಬಂತು

ಅಮೆರಿಕದಲ್ಲಿ ಕಾಲೇಜುಗಳಿಗೆ ಮಾನ್ಯತೆ ಕೊಡುವುದು ಸರ್ಕಾರವಲ್ಲ, ಸ್ವತಂತ್ರ ಸಂಸ್ಥೆಗಳು. ನಮ್ಮ ನ್ಯಾಕ್ ನೆನಪಾಗಬಹುದು. ಆದರೆ ಅಲ್ಲಿ ಮಾನ್ಯತೆ ತಪ್ಪಿದರೆ ಶ್ರೇಣಿ ಇಳಿಯುವುದಷ್ಟೇ ಅಲ್ಲ, ವಿದ್ಯಾರ್ಥಿಗಳಿಗೆ ಬರುವ ಕೇಂದ್ರದ ಹಣವೇ ನಿಲ್ಲುತ್ತದೆ. ಹಾಗಾಗಿ ಈ ಸಂಸ್ಥೆಗಳ ಮಾತೆಂದರೆ ಕಾಲೇಜುಗಳಿಗೆ ನಡುಕ.

ಅಮೆರಿಕದ ನಡುಭಾಗದ ರಾಜ್ಯಗಳಲ್ಲಿ ಈ ಕೆಲಸ ಮಾಡುತ್ತಾ ಬಂದದ್ದು ಶಿಕಾಗೋದ ಹೈಯರ್ ಲರ್ನಿಂಗ್ ಕಮಿಷನ್. ಅದು 2015ರಲ್ಲಿ ಅಧ್ಯಾಪಕರ ಅರ್ಹತೆಯ ಬಗ್ಗೆ ಖಡಕ್ಕಾಗಿ ಹೇಳಿತು. ಕಲಿಸುವ ವಿಷಯದಲ್ಲೇ ಮಾಸ್ಟರ್ಸ್ ಇರಬೇಕು. ಬೇರೆ ವಿಷಯದ ಮಾಸ್ಟರ್ಸ್ ಇದ್ದರೆ, ಕಲಿಸುವ ವಿಷಯದಲ್ಲಿ ಕನಿಷ್ಠ 18 ಸ್ನಾತಕೋತ್ತರ ಕ್ರೆಡಿಟ್ ಇರಬೇಕು. ಡ್ಯುಯಲ್ ಕ್ರೆಡಿಟ್ ಹೇಳುವ ಹೈಸ್ಕೂಲ್ ಶಿಕ್ಷಕರಿಗೂ ಇದೇ ಅಳತೆ. ದಕ್ಷಿಣದ ರಾಜ್ಯಗಳ ಮಾನ್ಯತಾ ಸಂಸ್ಥೆಯ ಮಾರ್ಗಸೂಚಿಯಲ್ಲೂ ಇದೇ 18 ಇದೆ. ಒಂದು ಕೋರ್ಸ್‌ಗೆ 3 ಕ್ರೆಡಿಟ್ ಎಂದರೆ ಆರು ಕೋರ್ಸ್ ಆಯಿತು.

ನಿಯಮ 2017ರ ಸೆಪ್ಟೆಂಬರ್‌ನಿಂದ ಜಾರಿಯಾಗಬೇಕಿತ್ತು. ಶಾಲೆಗಳು ಕೂಗೆಬ್ಬಿಸಿದವು. ಡ್ಯುಯಲ್ ಕ್ರೆಡಿಟ್ ನಡೆಸುವ ಕಾಲೇಜುಗಳು 2022ರವರೆಗೆ ಕಾಲಾವಕಾಶ ಕೇಳಬಹುದು ಎಂದಾಯಿತು. ಕೋವಿಡ್ ಬಂದ ಮೇಲೆ ಇನ್ನೊಂದು ವರ್ಷ ಮುಂದೆ ಹೋಯಿತು. ಕಡೆಗೆ 2023ರಲ್ಲಿ ಕಮಿಷನ್ ತನ್ನ ಭಾಷೆಯನ್ನೇ ಮೆದು ಮಾಡಿತು. ಅಧ್ಯಾಪಕರ ಅರ್ಹತೆಯನ್ನು ಓದು, ಅನುಭವ ಎಲ್ಲ ನೋಡಿ ಕಾಲೇಜುಗಳೇ ತೀರ್ಮಾನಿಸಲಿ, ಅದಕ್ಕೊಂದು ಸರಿಯಾದ ನೀತಿ ಇಟ್ಟುಕೊಳ್ಳಲಿ ಎಂದಿತು.

ಹಾಗಾದರೆ 18 ಹೋಯಿತೇ? ಬಹಳ ಕಡೆ ಹೋಗಲಿಲ್ಲ. ಶಿಕ್ಷಕರನ್ನು ಗೊಂದಲಕ್ಕೆ ಕೆಡವಿರುವುದು ಇದೇ. ಕಮಿಷನ್ ಸಡಿಲಿಸಿದರೂ ಕಾಲೇಜುಗಳು ತಮ್ಮದೇ ನೀತಿಯಲ್ಲಿ ಅದನ್ನು ಉಳಿಸಿಕೊಂಡಿವೆ. ಕಾರಣ ಸರಳ. 'ಅನುಭವ' ಅಳೆಯಲು ಯಾರೋ ಕೂತು ಯೋಚಿಸಬೇಕು, ಕಡತ ಬರೆಯಬೇಕು, ನಾಳೆ ತಪಾಸಣೆಗೆ ಬಂದವರಿಗೆ ಉತ್ತರ ಕೊಡಬೇಕು. 18 ಎಣಿಸಲು ಅಂಕಪಟ್ಟಿಯೊಂದಿದ್ದರೆ ಸಾಕು. ಒಮ್ಮೆ ಕಚೇರಿಗೆ ಹೊಕ್ಕ ಸಂಖ್ಯೆಯನ್ನು ಹೊರಗೆ ಕಳಿಸುವುದು ಎಲ್ಲ ದೇಶದಲ್ಲೂ ಕಷ್ಟ.

ಕರ್ನಾಟಕದಿಂದ ನೋಡುವವರಿಗೆ ಇದು ಸ್ವಲ್ಪ ವಿಚಿತ್ರವೆನಿಸಬಹುದು. ಇಲ್ಲಿ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕರಾಗಲು ಅರ್ಥಶಾಸ್ತ್ರದಲ್ಲೇ ಎಂ.ಎ., ಅದೂ 55 ಪರ್ಸೆಂಟ್ ಜೊತೆಗೆ, ಮೇಲೆ ಬಿ.ಎಡ್. ಕೇಳುತ್ತಾರೆ. ಅದೇ ವಯಸ್ಸಿನ ಮಕ್ಕಳಿಗೆ ಅಮೆರಿಕದಲ್ಲಿ ಪಾಠ ಹೇಳುವವರಿಗೆ 'ಸೋಷಿಯಲ್ ಸ್ಟಡೀಸ್' ಪರವಾನಗಿ ಇದ್ದರೆ ಸಾಮಾನ್ಯವಾಗಿ ಸಾಕು. ಇಲ್ಲಿ ವಿಷಯದ ಓದು ಕೆಲಸಕ್ಕೆ ಸೇರುವ ಮೊದಲೇ ಮುಗಿದಿರುತ್ತದೆ. ಅಲ್ಲಿ ಕೆಲಸಕ್ಕೆ ಸೇರಿ ಹತ್ತು ವರ್ಷ ಆದಮೇಲೆ ಕೇಳುತ್ತಿದ್ದಾರೆ.

ಎಕನಾಮಿಕ್ಸ್‌ಗೇ ಯಾಕೆ ಜಾಸ್ತಿ ಪೆಟ್ಟು

ಇಂಗ್ಲಿಷ್ ಅಥವಾ ಇತಿಹಾಸ ಹೇಳುವವರು ಸಾಮಾನ್ಯವಾಗಿ ಅದೇ ವಿಷಯದಲ್ಲಿ ಡಿಗ್ರಿ ಮಾಡಿರುತ್ತಾರೆ. ಎಕನಾಮಿಕ್ಸ್ ಹಾಗಲ್ಲ. ಹೈಸ್ಕೂಲಿನಲ್ಲಿ ಅದು ಬಹುಪಾಲು ಒಂದು ಸೆಮಿಸ್ಟರಿನ ಪಾಠ. ಒಬ್ಬರನ್ನು ಅದಕ್ಕೆಂದೇ ನೇಮಿಸುವಷ್ಟು ತರಗತಿಗಳು ಇರುವುದಿಲ್ಲ. ಇತಿಹಾಸದ ಮೇಷ್ಟ್ರೇ ಮೊದಲ ಸೆಮಿಸ್ಟರಿನಲ್ಲಿ ಸರ್ಕಾರ, ಎರಡನೆಯದರಲ್ಲಿ ಎಕನಾಮಿಕ್ಸ್ ಹೇಳಿ ಸಂಜೆ ಬಾಸ್ಕೆಟ್‌ಬಾಲ್ ಕೋಚ್ ಕೂಡ ಆಗಿರುತ್ತಾರೆ. ಇನ್ನು ಎಕನಾಮಿಕ್ಸ್‌ನಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಬ್ಯಾಂಕು, ಕನ್ಸಲ್ಟಿಂಗ್, ಸರ್ಕಾರಿ ಸಂಸ್ಥೆಗಳಲ್ಲಿ ಶಾಲೆಗಿಂತ ಒಳ್ಳೆಯ ಸಂಬಳವಿದೆ. ಅವರು ಶಾಲೆಯ ಕಡೆ ತಿರುಗಿ ನೋಡುವುದು ಅಪರೂಪ.

ದೊಡ್ಡ ಊರಿನಲ್ಲಿ ಒಬ್ಬ ಮೇಷ್ಟ್ರಿಗೆ ಅರ್ಹತೆ ಇಲ್ಲದಿದ್ದರೆ ಇನ್ನೊಬ್ಬರು ಸಿಗುತ್ತಾರೆ. ಸಣ್ಣ ಊರಿನ ಶಾಲೆಯಲ್ಲಿ ಇರುವುದೇ ಒಬ್ಬರು. ಅವರಿಗೆ 18 ಇಲ್ಲ ಎಂದರೆ ಆ ವರ್ಷ ಆ ಶಾಲೆಯ ಮಕ್ಕಳಿಗೆ ಕಾಲೇಜು ಕ್ರೆಡಿಟ್ ಇರುವ ಎಕನಾಮಿಕ್ಸ್ ಇಲ್ಲ. ಹತ್ತಿರದ ವಿಶ್ವವಿದ್ಯಾಲಯ ನೂರಾರು ಮೈಲಿ ದೂರದಲ್ಲಿದ್ದಾಗ ಸಂಜೆ ಕ್ಲಾಸಿಗೆ ಹೋಗಿ ಬರುವ ಮಾತೂ ಇಲ್ಲ. ಉಳಿದದ್ದು ಆನ್‌ಲೈನ್. ಅದರಲ್ಲೂ 'ಮಂಗಳವಾರ ಸಂಜೆ ಏಳಕ್ಕೆ ಜೂಮ್‌ಗೆ ಬನ್ನಿ' ಎನ್ನದ ಕೋರ್ಸ್. ಕೆಲವು ರಾಜ್ಯಗಳು ಈ ಕಷ್ಟ ಒಪ್ಪಿಕೊಂಡು ಕೈ ಹಿಡಿದವು. ಇಂಡಿಯಾನಾ, ಮಿನ್ನೆಸೋಟಗಳಲ್ಲಿ ಡ್ಯುಯಲ್ ಕ್ರೆಡಿಟ್ ಶಿಕ್ಷಕರಿಗೆಂದೇ ರಿಯಾಯಿತಿಯ ಅಥವಾ ಉಚಿತ ಆನ್‌ಲೈನ್ ಸ್ನಾತಕೋತ್ತರ ಕೋರ್ಸ್‌ಗಳ ಯೋಜನೆಗಳು ಬಂದವು. ಆದರೆ ಯಾವ ಯೋಜನೆಯಲ್ಲಿ ಯಾವ ವಿಷಯಕ್ಕೆ ದುಡ್ಡು ಸಿಗುತ್ತದೆ ಎಂಬುದು ಬೇರೆ ಬೇರೆ.

ಕೈಯಿಂದ ಹೋಗುವುದೆಷ್ಟು, ವಾಪಸ್ ಬರುವುದೆಷ್ಟು

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಕ್ರೆಡಿಟ್‌ಗೆ 250 ಡಾಲರ್ ಎಂದಿಟ್ಟುಕೊಂಡರೆ 18ಕ್ಕೆ 4,500 ಡಾಲರ್. ಅದೇ 700 ಡಾಲರ್ ಆದರೆ 12,600. ಸಿಗುವ ಕ್ರೆಡಿಟ್ ಒಂದೇ, ಕಾಲೇಜು ಎಣಿಸುವುದೂ ಒಂದೇ ರೀತಿ. ಹಾಗಿರುವಾಗ ಮೇಷ್ಟ್ರು ಅಗ್ಗದ್ದನ್ನು ಹುಡುಕಿದರೆ ಅದನ್ನು ಜಿಪುಣತನ ಎನ್ನಲಾಗದು. ಎಕನಾಮಿಕ್ಸ್ ಪುಸ್ತಕದ ಮೊದಲ ಅಧ್ಯಾಯವೇ ಅದನ್ನು ಹೇಳುತ್ತದೆ.

ವಾಪಸ್ ಬರುವ ಹಣಕ್ಕೆ ಮೂರು ದಾರಿಗಳಿವೆ. ಒಂದು ಸಂಬಳದ ಏಣಿ. ಅಮೆರಿಕದ ಹೆಚ್ಚಿನ ಶಾಲಾ ಜಿಲ್ಲೆಗಳಲ್ಲಿ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಸಂಬಳ ಎರಡು ಲೆಕ್ಕದಲ್ಲಿ ಏರುತ್ತದೆ: ಎಷ್ಟು ವರ್ಷ ಕೆಲಸ, ಎಷ್ಟು ಓದು. 'ಡಿಗ್ರಿ', 'ಡಿಗ್ರಿ ಮೇಲೆ 15 ಕ್ರೆಡಿಟ್', 'ಮಾಸ್ಟರ್ಸ್', 'ಮಾಸ್ಟರ್ಸ್ ಮೇಲೆ 30' ಹೀಗೆ ಸಂಬಳದ ಪಟ್ಟಿಯಲ್ಲಿ ಕಾಲಂಗಳಿರುತ್ತವೆ. 18 ಕ್ರೆಡಿಟ್ ಸೇರಿದರೆ ಪಕ್ಕದ ಕಾಲಂಗೆ ಜಿಗಿಯಬಹುದು, ಆ ಏರಿಕೆ ನಿವೃತ್ತಿಯವರೆಗೂ ಉಳಿಯುತ್ತದೆ. ಆದರೆ ಬಹಳ ಕಡೆ ಕೋರ್ಸ್ ಸೇರುವ ಮೊದಲೇ ಜಿಲ್ಲೆಯ ಒಪ್ಪಿಗೆ ಬೇಕು. ಮುಗಿಸಿ ಬಂದು ಕೇಳಿದರೆ ಆಗುವುದಿಲ್ಲ. ಎಲ್ಲ ರಾಜ್ಯಗಳಲ್ಲೂ ಈ ಏಣಿ ಗಟ್ಟಿಯಾಗೂ ಇಲ್ಲ. ನಾರ್ತ್ ಕ್ಯಾರೊಲಿನಾ 2013ರಲ್ಲೇ ಮಾಸ್ಟರ್ಸ್‌ಗೆ ಕೊಡುತ್ತಿದ್ದ ಹೆಚ್ಚುವರಿ ಸಂಬಳವನ್ನು ಹೊಸಬರಿಗೆ ನಿಲ್ಲಿಸಲು ಹೊರಟಿತು.

ಎರಡನೆಯದು ಜಿಲ್ಲೆಯೇ ಫೀಸು ತುಂಬಿಕೊಡುವುದು. ವರ್ಷಕ್ಕೆ 5,250 ಡಾಲರ್‌ವರೆಗೆ ಹೀಗೆ ಕೊಟ್ಟರೆ ಶಿಕ್ಷಕರು ಅದಕ್ಕೆ ತೆರಿಗೆ ಕಟ್ಟಬೇಕಿಲ್ಲ. ಮೂರನೆಯದು ತೆರಿಗೆಯಲ್ಲಿ ಸಿಗುವ 'ಲೈಫ್‌ಟೈಮ್ ಲರ್ನಿಂಗ್' ರಿಯಾಯಿತಿ. ಕಟ್ಟಿದ ಫೀಸಿನ 20 ಪರ್ಸೆಂಟ್, ಹೆಚ್ಚೆಂದರೆ ವರ್ಷಕ್ಕೆ 2,000 ಡಾಲರ್. ಆದಾಯದ ಮಿತಿ ಇದೆ. ಆದರೆ ಪದವಿಗೆ ಸೇರದೆ ಬಿಡಿ ಕೋರ್ಸ್ ಮಾಡಿದವರಿಗೂ ಇದು ಸಿಗುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ. 4,500 ಡಾಲರ್ ಕೋರ್ಸ್‌ಗಳಿಗೆ ಈ ರಿಯಾಯಿತಿ ಪೂರ್ತಿ ಸಿಕ್ಕರೆ 900 ಡಾಲರ್ ಉಳಿಯಿತು.

'ನಿಮ್ಮ ಬಿಡುವಿಗೆ ತಕ್ಕಂತೆ' ಎಂಬುದರ ತೊಡಕು

ಬೇಕಾದಾಗ ಓದು, ಬೇಕಾದಾಗ ಪರೀಕ್ಷೆ ಬರೆ ಎನ್ನುವ ಕೋರ್ಸ್‌ಗಳು ಯಾಕೆ ಕಡಿಮೆ? ಬೇಡಿಕೆ ಇಲ್ಲದೆ ಅಲ್ಲ. ಅಮೆರಿಕದ ಕಾನೂನು ದೂರಶಿಕ್ಷಣವನ್ನು ಎರಡಾಗಿ ನೋಡುತ್ತದೆ. ಅಧ್ಯಾಪಕರು ತಾವಾಗಿಯೇ, ನಿಯಮಿತವಾಗಿ, ಪಾಠಕ್ಕೆ ಸಂಬಂಧಿಸಿದಂತೆ ವಿದ್ಯಾರ್ಥಿಯ ಜೊತೆ ಒಡನಾಡಿದರೆ ಅದು ಆನ್‌ಲೈನ್ ಶಿಕ್ಷಣ. ಸಾಮಗ್ರಿ ಕೊಟ್ಟು ಸುಮ್ನೆ ಕೂತು, ವಿದ್ಯಾರ್ಥಿ ಕೇಳಿದಾಗ ಮಾತ್ರ ಉತ್ತರ ಕೊಟ್ಟರೆ ಅದು ಅಂಚೆ ಶಿಕ್ಷಣ. ಅಂಚೆ ಶಿಕ್ಷಣ ಎಂದಾದರೆ ಕೇಂದ್ರದ ನೆರವಿಗೆ ಬಿಗಿ ಕಟ್ಟು ಬೀಳುತ್ತದೆ.

ಇದು ಎಷ್ಟು ದುಬಾರಿಯಾಗಬಹುದು ಎಂಬುದನ್ನು ವೆಸ್ಟರ್ನ್ ಗವರ್ನರ್ಸ್ ವಿಶ್ವವಿದ್ಯಾಲಯದ ಕಥೆ ತೋರಿಸಿತು. 19 ರಾಜ್ಯಗಳ ಗವರ್ನರುಗಳು ಸೇರಿ 1997ರಲ್ಲಿ ಕಟ್ಟಿದ ಪೂರ್ತಿ ಆನ್‌ಲೈನ್ ಸಂಸ್ಥೆ ಅದು. ಆರು ತಿಂಗಳಿಗೆ ಒಂದೇ ಫೀಸು. ಅಷ್ಟರಲ್ಲಿ ಎಷ್ಟು ಕೋರ್ಸ್ ಮುಗಿಸಿದರೂ ನಿಮ್ಮ ಲಾಭ. ಸಾವಿರಾರು ಶಿಕ್ಷಕರು ಅಲ್ಲೇ ಓದಿದ್ದಾರೆ. 2017ರಲ್ಲಿ ಶಿಕ್ಷಣ ಇಲಾಖೆಯ ಲೆಕ್ಕಪರಿಶೋಧಕರು 'ಇಲ್ಲಿ ಅಧ್ಯಾಪಕರ ಒಡನಾಟ ಸಾಲದು, 71 ಕೋಟಿ ಡಾಲರಿಗೂ ಹೆಚ್ಚು ಹಣ ವಾಪಸ್ ಕೊಡಿಸಿ' ಎಂದು ವರದಿ ಕೊಟ್ಟರು. 2019ರ ಜನವರಿಯಲ್ಲಿ ಇಲಾಖೆಯೇ 'ನಿಯಮ ಸ್ಪಷ್ಟವಿರಲಿಲ್ಲ, ಅವರು ಒಳ್ಳೆಯ ಮನಸ್ಸಿನಿಂದಲೇ ನಡೆದುಕೊಂಡಿದ್ದಾರೆ' ಎಂದು ಕೈಬಿಟ್ಟಿತು. ಒಡನಾಟ ಎಂದರೇನು ಎಂಬ ವಿವರಣೆ ಬಿಡಿಸಿ ಬರೆದ ನಿಯಮ 2021ರ ಜುಲೈನಲ್ಲಿ ಜಾರಿಗೆ ಬಂತು. ಆದರೆ ಆ ಅಂಜಿಕೆ ಪೂರ್ತಿ ಹೋಗಿಲ್ಲ. ಹಾಗಾಗಿ ಬಹಳ ಕಾಲೇಜುಗಳು 'ನಿಮ್ಮ ಬಿಡುವಿಗೆ' ಎಂದು ಹೇಳಿಕೊಂಡರೂ ಒಳಗೆ ವಾರಕ್ಕೊಂದು ಗಡುವು, ವಾರಕ್ಕೊಂದು ಚರ್ಚೆಯ ಪೋಸ್ಟ್ ಇಟ್ಟಿರುತ್ತವೆ. ಅಪ್ಪಟ ಸ್ವಂತ ವೇಗದ ಸ್ನಾತಕೋತ್ತರ ಕೋರ್ಸ್ ಸಿಕ್ಕರೆ ಅದರ ಅಂಕಪಟ್ಟಿಯಲ್ಲಿ ಏನೆಂದು ಬರೆಯುತ್ತಾರೆ ಎಂದು ಮೊದಲೇ ಕೇಳಿಕೊಳ್ಳುವುದು ವಾಸಿ.

ಸರ್ಟಿಫಿಕೇಟ್ ಬೇರೆ, ಕ್ರೆಡಿಟ್ ಬೇರೆ

ಇನ್ನೊಂದು ಗುಂಡಿ ಇದೆ, ಬೀಳುವವರೂ ಬಹಳ. ಎಂ.ಐ.ಟಿ.ಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಸಂಗಡಿಗರು ರೂಪಿಸಿದ ಅಭಿವೃದ್ಧಿ ಅರ್ಥಶಾಸ್ತ್ರದ 'ಮೈಕ್ರೋಮಾಸ್ಟರ್ಸ್' ಎಂಬ ಕೋರ್ಸ್‌ಗಳ ಸರಣಿ ಆನ್‌ಲೈನ್‌ನಲ್ಲಿ ಪುಕ್ಕಟೆ ನೋಡಲು ಸಿಗುತ್ತದೆ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಓದುವವರ ಆದಾಯ ನೋಡಿ ಫೀಸು ಹಾಕುತ್ತಾರೆ. ಪಾಠದ ಗುಣಮಟ್ಟಕ್ಕೆ ಬೆರಳು ತೋರಿಸುವಂತಿಲ್ಲ. ಇಬ್ಬರಿಗೂ 2019ರಲ್ಲಿ ನೊಬೆಲ್ ಬಂದಿದೆ.

ಆದರೆ ಈ ಸರ್ಟಿಫಿಕೇಟ್ ಹಿಡಿದು ಡ್ಯುಯಲ್ ಕ್ರೆಡಿಟ್ ಕಚೇರಿಗೆ ಹೋದರೆ 18ರಲ್ಲಿ ಒಂದೂ ಕಡಿಮೆಯಾಗದಿರಬಹುದು. ಅವರಿಗೆ ಬೇಕಾದದ್ದು ಮಾನ್ಯತೆ ಇರುವ ವಿಶ್ವವಿದ್ಯಾಲಯ ಕೊಟ್ಟ, ಸ್ನಾತಕೋತ್ತರ ಮಟ್ಟದ ಎಂದು ಗುರುತಿರುವ, ಎಕನಾಮಿಕ್ಸ್ ವಿಭಾಗದ ಸಂಕೇತವಿರುವ ಅಂಕಪಟ್ಟಿ. ಮೈಕ್ರೋಮಾಸ್ಟರ್ಸ್ ಮುಗಿಸಿ ಮುಂದೆ ಯಾವುದಾದರೂ ವಿಶ್ವವಿದ್ಯಾಲಯದ ಪದವಿಗೆ ಸೇರಿ, ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ಅದು ಕ್ರೆಡಿಟ್ ಆಗುತ್ತದೆ. ಅದೇ ರೀತಿ ಶಿಕ್ಷಕರಿಗೆಂದು ಬೇಸಿಗೆಯಲ್ಲಿ ನಡೆಯುವ ಕಾರ್ಯಾಗಾರಗಳಿಗೆ 'ಮುಂದುವರಿಕೆ ಶಿಕ್ಷಣ'ದ ಅಂಕ ಸಿಗುತ್ತದೆ. ಪರವಾನಗಿ ನವೀಕರಣಕ್ಕೆ ಅದು ಸಾಕು, 18ಕ್ಕೆ ಸಾಲದು.

ಕಾಗದದ ಬೆಲೆ ಯಾರ ಕೈಯಲ್ಲಿದೆ ಎಂಬ ಈ ಪ್ರಶ್ನೆ ನಮಗೂ ಹೊಸದಲ್ಲ. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕೋರ್ಸ್‌ಗಳಿಗೆ 2012-13ರ ನಂತರ ಮಾನ್ಯತೆ ಇಲ್ಲ ಎಂದು ಯುಜಿಸಿ ಹೇಳಿದಾಗ ಓದಿ ಪಾಸಾದವರೂ ನಡುನೀರಿನಲ್ಲಿ ನಿಂತರು. 2018ರಲ್ಲಿ ಮಾನ್ಯತೆ ಮರಳಿತು. ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ, ತಾನು ಮಾನ್ಯ ಮಾಡಿದ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಮತ್ತೆ ಸ್ಪಷ್ಟಪಡಿಸಿತು. ಪಾಠ ಅದೇ, ಪುಸ್ತಕ ಅದೇ. ನಡುವೆ ಬದಲಾದದ್ದು ಒಂದು ಸುತ್ತೋಲೆ.

ಅಷ್ಟಕ್ಕೂ ಆ ಆರು ಕೋರ್ಸ್‌ನಲ್ಲಿ ಕಲಿಯುವುದೇನು?

ನನ್ನ ಪ್ರಕಾರ ಇದೇ ಮುಖ್ಯ ಪ್ರಶ್ನೆ. 18 ಬೇಕೇ ಬೇಡವೇ ಎಂದು ಜಗಳವಾಡುವವರು ಇದನ್ನು ಕೇಳುವುದೇ ಕಡಿಮೆ.

ಒಂದು ಉದಾಹರಣೆ ತೆಗೆದುಕೊಳ್ಳಿ: ಕನಿಷ್ಠ ಕೂಲಿ. ಹೈಸ್ಕೂಲಿನ ಪುಸ್ತಕದಲ್ಲಿ ಬೇಡಿಕೆ-ಪೂರೈಕೆಯ ಎರಡು ಗೆರೆ ಎಳೆದು, ಮೇಲೆ ಕನಿಷ್ಠ ಕೂಲಿಯ ಅಡ್ಡಗೆರೆ ಹಾಕಿ, 'ನೋಡಿ, ಇಷ್ಟು ಜನ ಕೆಲಸ ಕಳೆದುಕೊಳ್ಳುತ್ತಾರೆ' ಎಂದು ಮುಗಿಸುತ್ತಾರೆ. ಹದಿನೇಳು ವರ್ಷದ ಹುಡುಗಿ, ವಾರಾಂತ್ಯದಲ್ಲಿ ಬರ್ಗರ್ ಅಂಗಡಿಯಲ್ಲಿ ದುಡಿಯುವವಳು, ಎದ್ದು ಕೇಳುತ್ತಾಳೆ: 'ನಮ್ಮ ರಾಜ್ಯದಲ್ಲಿ ಕೂಲಿ ಏರಿತಲ್ಲ ಸರ್, ನಮ್ಮ ಅಂಗಡಿಯಲ್ಲಿ ಯಾರನ್ನೂ ತೆಗೆಯಲಿಲ್ಲವಲ್ಲ?' ಗೆರೆ ಮಾತ್ರ ಗೊತ್ತಿರುವ ಮೇಷ್ಟ್ರಿಗೆ ಇಲ್ಲಿ ದಾರಿ ಮುಗಿಯುತ್ತದೆ.

ವಿಷಯ ಓದಿಕೊಂಡವರಿಗೆ 1992 ನೆನಪಾಗುತ್ತದೆ. ಆ ವರ್ಷ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ಗಂಟೆಯ ಕೂಲಿಯನ್ನು 4.25ರಿಂದ 5.05 ಡಾಲರ್‌ಗೆ ಏರಿಸಿತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಗಡಿಯ ಎರಡೂ ಬದಿಯ 410 ಫಾಸ್ಟ್‌ಫುಡ್ ಅಂಗಡಿಗಳನ್ನು ವಿಚಾರಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದ ಗುರುತು ಸಿಗಲಿಲ್ಲ. 1994ರಲ್ಲಿ ಪ್ರಕಟವಾದ ಆ ಅಧ್ಯಯನದ ಮೇಲೆ ದೊಡ್ಡ ವಾದವೇ ನಡೆಯಿತು. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಶರ್ ಸಂಬಳದ ದಾಖಲೆಗಳನ್ನೇ ತೆಗೆದು ನೋಡಿ ಬೇರೆ ತೀರ್ಮಾನ ಮುಂದಿಟ್ಟರು. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು. ಇಷ್ಟು ಗೊತ್ತಿದ್ದರೆ ಆ ಹುಡುಗಿಯ ಪ್ರಶ್ನೆಯೇ ಆ ದಿನದ ಪಾಠವಾಗುತ್ತದೆ. ಒಬ್ಬನೇ ದೊಡ್ಡ ಮಾಲೀಕನಿರುವ ಊರಲ್ಲಿ ಏನಾಗುತ್ತದೆ? ಒಂದೇ ಅಂಗಡಿ ನೋಡಿ ಹೇಳುವುದಕ್ಕೂ ಎರಡು ರಾಜ್ಯ ಹೋಲಿಸುವುದಕ್ಕೂ ಏನು ವ್ಯತ್ಯಾಸ?

ಈಗ ಸ್ನಾತಕೋತ್ತರ ಕೋರ್ಸ್‌ನ ಇನ್ನೊಂದು ಮುಖ ನೋಡಿ. ಪಿಎಚ್‌.ಡಿ.ಗೆ ತಯಾರು ಮಾಡುವ ಸೂಕ್ಷ್ಮ ಅರ್ಥಶಾಸ್ತ್ರದ ಕೋರ್ಸ್ ಎಂದರೆ ಲಗ್ರಾಂಜ್ ಗುಣಕ, ಸ್ಲಟ್‌ಸ್ಕಿ ಸಮೀಕರಣ, ಪುಟಗಟ್ಟಲೆ ಕ್ಯಾಲ್ಕುಲಸ್. ಇತಿಹಾಸದಲ್ಲಿ ಡಿಗ್ರಿ ಮಾಡಿದ ಮೇಷ್ಟ್ರು ಅದರಲ್ಲಿ ಮೊದಲ ತಿಂಗಳೇ ಮುಳುಗುತ್ತಾರೆ. ಈಜಿ ದಡ ಸೇರಿದರೂ ಆ ಹುಡುಗಿಯ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿರುವುದಿಲ್ಲ. ಹಾಗೆಂದು ತೀರಾ ಇನ್ನೊಂದು ತುದಿಗೆ ಹೋಗಿ, ಡಿಗ್ರಿ ಮಟ್ಟದ ಪಾಠಕ್ಕೇ ಸ್ನಾತಕೋತ್ತರ ಸಂಖ್ಯೆ ಅಂಟಿಸಿ ಮಾರುವ ಕೋರ್ಸ್‌ಗಳೂ ಇರಬಲ್ಲವು. 18ರ ನಿಯಮಕ್ಕೆ ಇವೆರಡರ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ. ಎರಡೂ ತಲಾ 3 ಕ್ರೆಡಿಟ್.

ನಡುವಿನ ದಾರಿ ಇಲ್ಲದಿಲ್ಲ. ಡೆಲವೇರ್ ವಿಶ್ವವಿದ್ಯಾಲಯ ಶಿಕ್ಷಕರಿಗೆಂದೇ ಅರ್ಥಶಾಸ್ತ್ರದ ಮಾಸ್ಟರ್ಸ್ ಒಂದನ್ನು ಬಹಳ ವರ್ಷಗಳಿಂದ ನಡೆಸಿಕೊಂಡು ಬಂದಿದೆ. ವಿಷಯ ಗಟ್ಟಿ, ಉದಾಹರಣೆಗಳು ತರಗತಿಯವು. ಅಗ್ಗದ ಆನ್‌ಲೈನ್ ಕೋರ್ಸ್‌ಗಳು ಹೋಗಬೇಕಾದ ದಿಕ್ಕು ಇದು ಎಂದು ನನಗನಿಸುತ್ತದೆ.

ಯಾರ ವಾದ ಏನು

ಕಾಲೇಜಿನ ಎಕನಾಮಿಕ್ಸ್ ವಿಭಾಗಗಳು ಹೇಳುವುದು: ಅಂಕಪಟ್ಟಿಯಲ್ಲಿ ನಮ್ಮ ಹೆಸರು ಇರುತ್ತದೆ. ಆ ಮಗು ನಾಳೆ ಮುಂದಿನ ಕೋರ್ಸ್‌ಗೆ ಬಂದು ತಡವರಿಸಿದರೆ ತಪ್ಪು ನಮ್ಮ ತಲೆಗೆ. ಕಲಿಸುವವರಿಗೆ ಒಂದು ಕನಿಷ್ಠ ಮಟ್ಟ ಬೇಡವೇ? ಬೇಕು, ಯಾರೂ ಅಲ್ಲಗಳೆಯಲಾರರು. ಇಂದು ಹೈಸ್ಕೂಲಿನಲ್ಲಿ ಪುಕ್ಕಟೆ ಸಿಕ್ಕ ಕ್ರೆಡಿಟ್ಟನ್ನು ನಾಳೆ ಇನ್ನೊಂದು ವಿಶ್ವವಿದ್ಯಾಲಯ ಒಪ್ಪದಿದ್ದರೆ ನಷ್ಟ ಮಗುವಿಗೇ.

ಶಾಲಾ ಜಿಲ್ಲೆಗಳ ಉತ್ತರ: ಇಪ್ಪತ್ತು ವರ್ಷ ಕಲಿಸಿದವರ ತರಗತಿಗೆ ಬಂದು ಕೂತು ನೋಡಿ, ಮಕ್ಕಳ ಫಲಿತಾಂಶ ನೋಡಿ. ಮಾಸ್ಟರ್ಸ್ ಇದ್ದ ಮಾತ್ರಕ್ಕೆ ಮಕ್ಕಳು ಜಾಸ್ತಿ ಕಲಿಯುತ್ತಾರೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ ಎಂದು ಶಿಕ್ಷಣ ಅರ್ಥಶಾಸ್ತ್ರಜ್ಞರೇ ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರಲ್ಲ? ಇದೂ ನಿಜ. ಆದರೆ ಆ ಸಂಶೋಧನೆಗಳಲ್ಲಿ ಬಹುಪಾಲು ನೋಡಿದ್ದು ಎಲ್ಲ ಬಗೆಯ ಮಾಸ್ಟರ್ಸ್ ಪದವಿಗಳನ್ನು ಒಟ್ಟಿಗೆ ಹಾಕಿ, ಅದರಲ್ಲಿ ಶಿಕ್ಷಣಶಾಸ್ತ್ರದ್ದೇ ಜಾಸ್ತಿ. ಕಲಿಸುವ ವಿಷಯವನ್ನೇ ಆಳವಾಗಿ ಓದುವುದು ಬೇರೆ ಮಾತು. ಅದರಲ್ಲೂ ಎಕನಾಮಿಕ್ಸ್‌ನಲ್ಲಿ ವಿಷಯದ ತಳಹದಿಯೇ ತೆಳುವಾಗಿರುವ ಶಿಕ್ಷಕರು ಹೆಚ್ಚು. ಹಾಗಾಗಿ ಒಳ್ಳೆಯ ಆರು ಕೋರ್ಸ್‌ನಿಂದ ಪ್ರಯೋಜನವಾಗುವ ಸಂಭವ ಬೇರೆ ವಿಷಯಗಳಿಗಿಂತ ಇಲ್ಲೇ ಜಾಸ್ತಿ. 18 ಎಂಬ ಅಳತೆ ಒರಟು, ಹೌದು. ಆದರೆ ಅದು ತೋರಿಸುತ್ತಿರುವ ಕೊರತೆ ಸುಳ್ಳಲ್ಲ.

ಅಗ್ಗದ ಕೋರ್ಸ್ ಎಂದರೆ ಕಳಪೆ ಎನ್ನುವವರ ಮಾತಿಗೆ ನನ್ನಲ್ಲಿ ಅಷ್ಟು ತಾಳ್ಮೆ ಇಲ್ಲ. 700 ಡಾಲರಿನ ಕ್ರೆಡಿಟ್‌ನಲ್ಲಿ ಕಟ್ಟಡ, ಕ್ರೀಡಾಂಗಣ, ಆಡಳಿತದ ಪಾಲೂ ಸೇರಿರುತ್ತದೆ. ಮನೆಯಲ್ಲಿ ಕೂತು ಓದುವ ಮೇಷ್ಟ್ರಿಗೆ ಅದರಿಂದ ಏನೂ ಬರುವುದಿಲ್ಲ. ಕೇಳಬೇಕಾದದ್ದು ಬೇರೆ: ಬರೆದ ಉತ್ತರವನ್ನು ಅರ್ಥಶಾಸ್ತ್ರ ಗೊತ್ತಿರುವ ಮನುಷ್ಯರು ಓದಿ ತಿದ್ದುತ್ತಾರಾ? ಪರೀಕ್ಷೆಯ ಮೇಲೆ ನಿಗಾ ಇದೆಯಾ? ಚಾಟ್‌ಜಿಪಿಟಿ ಉತ್ತರ ಬರೆದುಕೊಡುವ ಕಾಲದಲ್ಲಿ ನಿಗಾ ಇಲ್ಲದ ಕೋರ್ಸ್‌ನ ಅಂಕಪಟ್ಟಿಯನ್ನು ಕಾಲೇಜುಗಳು ಇನ್ನೆಷ್ಟು ದಿನ ನಂಬುತ್ತವೆ?

ಮುಂದೆ ಏನಾಗಬಹುದು

ಸಾಲದ ಮಿತಿ ಬಂದಮೇಲೆ ಪೂರ್ತಿ ಪದವಿಗಿಂತ ಬಿಡಿ ಕೋರ್ಸ್‌ಗಳ ಮಾರುಕಟ್ಟೆ ಬೆಳೆಯುವ ಸಾಧ್ಯತೆ ಹೆಚ್ಚು. ಪದವಿಗೆ ಸೇರುವವರು ಕಡಿಮೆಯಾದರೆ ವಿಶ್ವವಿದ್ಯಾಲಯಗಳು ಆ ಖಾಲಿ ಜಾಗವನ್ನು ಕೆಲಸದಲ್ಲಿರುವ ಶಿಕ್ಷಕರಿಂದ ತುಂಬಿಸಲು ನೋಡುತ್ತವೆ. ಪೈಪೋಟಿಯಿಂದ ಫೀಸು ಇಳಿದರೆ ಮೇಷ್ಟ್ರಿಗೆ ಒಳ್ಳೆಯದೇ. ಗುಣಮಟ್ಟವೂ ಜೊತೆಗೆ ಇಳಿದರೆ, 18ನ್ನು ಬಿಟ್ಟು ಇನ್ನೂ ಬಿಗಿಯಾದ ಅಳತೆ ಹುಡುಕಲು ಕಾಲೇಜುಗಳಿಗೆ ನೆಪ ಸಿಕ್ಕಂತೆ.

ಇನ್ನೊಂದು ಕಡೆಯಿಂದ ನೆಲವೇ ಸರಿಯುತ್ತಿದೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಹೈಸ್ಕೂಲ್ ಪಾಸಾಗಲು 'ಪರ್ಸನಲ್ ಫೈನಾನ್ಸ್' ಕಡ್ಡಾಯ ಮಾಡಿವೆ ಅಥವಾ ಮಾಡುತ್ತಿವೆ: ಬಜೆಟ್, ಸಾಲ, ಕ್ರೆಡಿಟ್ ಕಾರ್ಡ್, ವಿಮೆ, ತೆರಿಗೆ. ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ತಂದಿತು. 2027-28ರಿಂದ ಶಾಲೆಗಳು ಈ ಪಾಠ ಕೊಡಬೇಕು, 2030-31ರಲ್ಲಿ ಹೊರಬರುವ ಬ್ಯಾಚಿಗೆ ಕಡ್ಡಾಯ. ಇದನ್ನು ತೆಗೆದುಕೊಂಡ ವಿದ್ಯಾರ್ಥಿ ಬೇಕಿದ್ದರೆ ಎಕನಾಮಿಕ್ಸ್ ಬಿಡಬಹುದು.

ಈಗ ಲೆಕ್ಕ ಹಾಕಿ. ಇಂದು ಮೊದಲ ಕೋರ್ಸ್‌ಗೆ ಹಣ ಕಟ್ಟಿ, ವರ್ಷಕ್ಕೆ ಎರಡರಂತೆ ಓದುವ ಶಿಕ್ಷಕರಿಗೆ ಆರು ಮುಗಿಯಲು ಮೂರು ವರ್ಷ. ಅಷ್ಟರಲ್ಲಿ ಅವರ ಶಾಲೆಯಲ್ಲಿ ಎಕನಾಮಿಕ್ಸ್ ತರಗತಿಯ ಅರ್ಧ ಮಕ್ಕಳು ಪರ್ಸನಲ್ ಫೈನಾನ್ಸ್ ಕಡೆ ಹೋಗಿರಬಹುದು. ಕಾಲೇಜುಗಳಲ್ಲಿ ಆ ಪಾಠ ಸಾಮಾನ್ಯವಾಗಿ ವ್ಯವಹಾರ ಅಥವಾ ಫೈನಾನ್ಸ್ ವಿಭಾಗದ ಕೈಯಲ್ಲಿದೆ, ಎಕನಾಮಿಕ್ಸ್ ವಿಭಾಗದಲ್ಲಲ್ಲ. ಅಲ್ಲಿ ಮತ್ತೆ 18 ಕೇಳಿದರೆ, ಎಕನಾಮಿಕ್ಸ್‌ನ ಈ 18 ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಎಂಬುದು ಆಯಾ ಕಾಲೇಜಿನ ವಿಭಾಗ ಮುಖ್ಯಸ್ಥರ ತೀರ್ಮಾನ. ಬಾಯಿಮಾತಿನ ಉತ್ತರ ಮುಖ್ಯಸ್ಥರು ಬದಲಾದಾಗ ಬದಲಾಗುತ್ತದೆ. ಮೊದಲ ಕೋರ್ಸ್‌ಗೆ ಕಾರ್ಡ್ ಉಜ್ಜುವ ಮೊದಲು ಅದನ್ನು ಇಮೇಲ್‌ನಲ್ಲಿ ಬರೆಸಿಕೊಂಡವರೇ ಜಾಣರು.